ಕಾವಿ ಬಾವಿಯ ನೆರಳು

ಒಂಬತ್ತು ವರ್ಷ ನಾನು ಒಂದು ಸುಳ್ಳಿನ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಸಹಿ ಹಾಕಿದ್ದೇನೆ. ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದು ತಪ್ಪಿಸಿಕೊಳ್ಳಲಾರೆ. ಗೊತ್ತಿರಬೇಕಾಗಿತ್ತು, ಗೊತ್ತು ಮಾಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಮೂವತ್ತನಾಲ್ಕು ವರ್ಷ ಮಕ್ಕಳ ತಪ್ಪುಗಳ ಮೇಲೆ ಕೆಂಪು ಗೆರೆ ಎಳೆದ ಕೈ ತನ್ನ ತಪ್ಪಿನ ಮೇಲೆ ಎಳೆಯಲು ಹಿಂಜರಿದರೆ ಅದು ಶಿಕ್ಷಕಿಯ ಕೈಯಲ್ಲ.

ನಮ್ಮ ಊರಿನಲ್ಲಿ ಮನುಷ್ಯ ಕುಡಿದ ನೀರು ಅವನ ನೆರಳಿನಲ್ಲಿ ಕಾಣುತ್ತದೆ. ಮೇಲೋಣಿಯ ಸಿಹಿ ಬಾವಿಯ ನೀರು ಕುಡಿದವರ ನೆರಳು ಹೊಸ ಸ್ಲೇಟಿನಂತೆ ಕಪ್ಪಗೆ, ಕತ್ತರಿಸಿದಂಥ ಅಂಚಿನದು. ಉಪ್ಪುನೀರು ಕುಡಿಯುವ ಕುಂಬಾರ ಓಣಿಯವರದು ಬೂದಿ ಬಣ್ಣ. ಚರಂಡಿಯ ಪಕ್ಕದ ಕೈಪಂಪಿನ ನೀರು ಕುಡಿದವರ ನೆರಳಿನ ಮೇಲೆ ನೊಣಗಳು ಕೂರುತ್ತವೆ. ಕೆರೆಯ ನೀರನ್ನೇ ನಂಬಿದ ಕುರಿಗಾರರ ನೆರಳು ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಂದು. ಎಲ್ಲ ಮನೆಗಳಲ್ಲೂ ನೀರು ಕುಡಿದು ಮುಂದೆ ಹೋಗುವ ಅಂಚೆಯವನ ನೆರಳು ಮಾತ್ರ ಕೌದಿಯಂತೆ ತೇಪೆ ತೇಪೆ. ಜನ ಇದಕ್ಕೆ ಬದುಕನ್ನು ಹೊಂದಿಸಿಕೊಂಡಿದ್ದಾರೆ. ಮಳೆಯಿಲ್ಲದ ಊರಿನಲ್ಲಿ ಇಷ್ಟು ಛತ್ರಿಗಳು ಬೇರೆಲ್ಲೂ ಕಾಣಸಿಗಲಾರವು. ಗಂಡಿನ ಕಡೆಯವರು ನಾಲ್ಕು ಗಂಟೆಗೆ ಬರುತ್ತೇವೆಂದರೆ ಹೆಣ್ಣಿನ ಕಡೆಯವರು ನಡು ಮಧ್ಯಾಹ್ನಕ್ಕೇ ಬನ್ನಿರೆಂದು ಒತ್ತಾಯಿಸುತ್ತಾರೆ, ಏಕೆಂದರೆ ಆಗ ನೆರಳು ಪಾದದಡಿಗೆ ಸೇರಿರುತ್ತದೆ. ಜಗಳದಲ್ಲಿ ಆಡುವ ಕೊನೆಯ ಮಾತು, "ಹೋಗಲೇ, ನಿನ್ನ ನೆಳ್ಳ ನೋಡ್ಕೋ ಹೋಗು" ಎಂಬುದು. ಅದಾದ ಮೇಲೆ ಎರಡು ಮನೆಗಳು ಮಾತು ಬಿಡುತ್ತವೆ.

ವರ್ಷಕ್ಕೊಮ್ಮೆ, ಬಿಸಿಲು ಬಲಿತ ಕಾಲದಲ್ಲಿ, ನೆರಳುನೋಟ ನಡೆಯುತ್ತದೆ. ಪುರಸಭೆಯ ಅಂಗಳದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಸುಣ್ಣ ಬಳಿದು, ಸಂಜೆ ನಾಲ್ಕೂವರೆಗೆ ಓಣಿ ಓಣಿಯವರನ್ನು ಅದರೆದುರು ನಿಲ್ಲಿಸುತ್ತಾರೆ. ಗೋಡೆಯ ಮೇಲೆ ಬಿದ್ದ ನೆರಳುಗಳನ್ನು ನೋಡಿ ನೋಟಗಾರ್ತಿಯಾದವಳು ಪುಸ್ತಕದಲ್ಲಿ ಆಯಾ ನೀರಿನ ಮುಂದೆ ಉತ್ತಮ, ಸಾಧಾರಣ ಅಥವಾ ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಬೇಕು. ಅವಳು ಸಹಿ ಹಾಕುವವರೆಗೆ ನೋಟ ಮುಗಿಯಿತೆಂದಿಲ್ಲ. ವಿಜ್ಞಾನ ಕಲಿಸುವವಳೆಂದು ಆ ಪುಸ್ತಕವನ್ನು ನನಗೆ ಒಪ್ಪಿಸಿದ್ದರು. ನಾನು ಅದಕ್ಕೆ ನನ್ನ ಕೆಲಸವನ್ನೂ ಸೇರಿಸಿದೆ. ಪ್ರತಿ ತಿಂಗಳು ಕೆರೆಯ ಅಳತೆಗಲ್ಲು ನೋಡಿದೆ. ಗಂಟು ಹಾಕಿದ ಹಗ್ಗವನ್ನು ಬಾವಿಗಳಿಗೆ ಇಳಿಬಿಟ್ಟು ನೀರಿನ ಮಟ್ಟ ಬರೆದೆ. ಕೆರೆ ತುಂಬಿದ ಎಂಟನೆಯ ದಿನ ಕೆಳೋಣಿಯ ಕಾವಿ ಬಾವಿಯಲ್ಲಿ ನೀರು ಒಂದು ಮೊಳ ಏರುತ್ತದೆಂದು, ಮೇಲಿನ ನೀರೂ ನೆಲದೊಳಗಿನ ನೀರೂ ಬೇರೆಯಲ್ಲವೆಂದು, ಮಕ್ಕಳನ್ನು ಬಾವಿಕಟ್ಟೆಗೆ ಕರೆದೊಯ್ದು ತೋರಿಸಿದೆ.

ಆ ಕಾವಿ ಬಾವಿಯ ನೀರು ಕುಡಿದವರ ನೆರಳು ಕೆಂಪಗಿರುತ್ತಿತ್ತು. ಅದು ನೆಲದ ಕಬ್ಬಿಣ. ಮರಳಿನಲ್ಲಿ ಸೋಸಿದರೆ ಅರ್ಧ ಇಳಿಯುತ್ತದೆ. ಉಳಿದರ್ಧ ಬಟ್ಟೆಯನ್ನು ಕೆಡಿಸುತ್ತದೆಯೇ ಹೊರತು ಮನುಷ್ಯನನ್ನಲ್ಲ. ಆದರೆ ಊರು ಅವರನ್ನು ಕಾವಿ ಮಂದಿ ಎಂದು ಕರೆದು ನಗುತ್ತಿತ್ತು. ಹನ್ನೊಂದು ವರ್ಷಗಳ ಹಿಂದೆ ಪುರಸಭೆ ಅಲ್ಲಿ ಏಳುನೂರು ಅಡಿ ಆಳದ ಬೋರ್ ಕೊರೆಸಿತು. ಗಾಜಿನಂಥ ನೀರು ಬಂತು. ಕೆಳೋಣಿಯವರ ನೆರಳು ವಾರದೊಳಗೆ ಕಪ್ಪಾಯಿತು. ಅವರು ಹಗಲಿಡೀ ಬಯಲಿನಲ್ಲಿ ಸುಮ್ಮನೆ ಓಡಾಡಿದರು; ಕಾವಿ ಬಾವಿಯ ಬಾಯಿಗೆ ತಾವೇ ಹಲಗೆ ಹೊಡೆದರು. ನಾನು ಪುಸ್ತಕದಲ್ಲಿ ಉತ್ತಮ ಎಂದು ಬರೆದೆ, ಅದರ ಮುಂದಿನ ವರ್ಷವೂ ಬರೆದೆ, ಆಮೇಲೆ ಬರೆಯುತ್ತಲೇ ಹೋದೆ. ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ ಎಂದು ಐದನೆಯ ತರಗತಿಯ ಮಕ್ಕಳಿಂದ ಹತ್ತು ಸಲ ಬರೆಸಿದವಳು ಆ ಬೋರಿನ ನೀರನ್ನು ಒಮ್ಮೆಯೂ ಸೀಸೆಗೆ ತುಂಬಿ ನೋಡಲಿಲ್ಲ.

ಈ ವರ್ಷ, ನೋಟಕ್ಕೆ ಎರಡು ತಿಂಗಳಿರುವಾಗ, ಅಳತೆಗಲ್ಲು ನೋಡಿ ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ಸಂಜೆ ಐದು ಗಂಟೆ. ಎದುರಿಗೆ ಕೆಳೋಣಿಯ ದುರುಗವ್ವ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದಳು. ಊರಿನವರ ಬಟ್ಟೆ ಒಗೆದು ಬದುಕುವವಳು, ಐವತ್ತು ದಾಟಿಲ್ಲ, ಬೆನ್ನು ಕಂಬದಂತೆ ನೆಟ್ಟಗೆ. ಆದರೆ ಏರಿಯ ಇಳಿಜಾರಿನ ಮೇಲೆ ಅವಳ ಜೊತೆಗೆ ನಡೆಯುತ್ತಿದ್ದ ಉದ್ದ ನೆರಳು ಮೊಣಕಾಲು ಮಡಿಸಿ, ಸೊಂಟದ ಮೇಲೆ ಕೈಯಿಟ್ಟು, ಕುಂಟುತ್ತಿತ್ತು. ನನ್ನನ್ನು ಕಂಡವಳೇ ಬೇವಿನ ಮರದ ನೆರಳಿನೊಳಕ್ಕೆ ಸರಿದು ನಿಂತಳು.

"ನೋಡಬ್ಯಾಡ್ರಿ ಅಕ್ಕೋರ," ಎಂದಳು.

"ನೋಡಿದ್ದಾತು. ಮಣಕಾಲಿಗೆ ಏನಾಗೇತವಾ?"

"ನನಗೇನಾಗೇತ್ರಿ? ಇಷ್ಟ ಗಂಟು ಹೊತ್ತು ಏರಿ ಹತ್ತೀನಿ. ಆಗಿದ್ದು ಅದಕ್ಕ." ಬೆರಳಿನಿಂದ ನೆಲ ತೋರಿಸಿದಳು. "ಅದು ನನಗಿಂತ ಮೊದ್ಲ ಮುದುಕಿ ಆಗೇತಿ. ನಮ್ಮ ಓಣ್ಯಾಗ ಹಂಗ. ಮೊದ್ಲ ನೆಳ್ಳ ಬಾಗತೈತಿ, ಆಮ್ಯಾಲ ಮಂದಿ."

"ಎಷ್ಟು ದಿನದಿಂದ?"

"ದಿನಾ ಏನ್ರಿ, ವರ್ಷ ಎಣಸ್ರಿ. ಒಂಬತ್ತು."

"ಒಂಬತ್ತು ವರ್ಷಾನೂ ಗ್ವಾಡಿ ಮ್ಯಾಲ ನಾನ ನೋಡೇನಲ್ಲವಾ. ನೆಟ್ಟಗ ಇತ್ತು."

ಅವಳು ನಕ್ಕಳು. ಮೂವತ್ತನಾಲ್ಕು ವರ್ಷದಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರ್ ನಕ್ಕಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. "ಅಕ್ಕೋರ, ನಿಮಗ ತೋರ್ಸೂ ನೆಳ್ಳ ಬ್ಯಾರೆ, ನಮ್ಮ ನೆಳ್ಳ ಬ್ಯಾರೆ. ನೋಟಕ್ಕ ಏಳು ದಿನ ಮೊದ್ಲ ಮೇಲೋಣಿಗೆ ನೀರಿನ ಕೊಡಕ್ಕ ಬರ್ತೀವಲ್ಲ, ವಾರದ ನೀರಂತ? ಏಳು ದಿನ ಸೀನೀರು ಕುಡದ್ರ ನೆಳ್ಳ ನೆಟ್ಟಗಾಗತೈತಿ. ನೀವು ಬರಕೊಂತೀರಿ. ಎಂಟನೇ ದಿನಕ್ಕ ಮತ್ತ ಬೋರ್."

ಆ ಕೊಡಗಳು ನನ್ನ ಮನೆಯ ಮುಂದೆಯೇ ಹೋಗುತ್ತಿದ್ದವು. ಮೇಲೋಣಿಯ ಹೆಂಗಸರು ಅವಕ್ಕೆ ಕುಂಕುಮ ಹಚ್ಚಿ ಪುಣ್ಯದ ಕೊಡವೆಂದು ತುಂಬಿ ಕೊಡುತ್ತಿದ್ದರು. ನಾನು ಅದನ್ನು 'ನಮ್ಮ ಊರಿನ ಸೌಹಾರ್ದ' ಎಂದು ಮಕ್ಕಳ ಪ್ರಬಂಧಕ್ಕೆ ವಿಷಯವಾಗಿ ಕೊಟ್ಟಿದ್ದೆ! ಐವತ್ತೊಂದು ವಾರ ಮುಚ್ಚಿದ ಬಾಗಿಲು ಒಂದೇ ವಾರ ತೆರೆದರೆ ಅದು ದಾನವಲ್ಲ, ಬಾಯಿ ಮುಚ್ಚಿಸುವ ಉಪಾಯ ಎಂದು ಯಾವ ಮಗುವೂ ಬರೆಯಲಿಲ್ಲ. ಬರೆದಿದ್ದರೆ ನಾನು ಅಂಕ ಕಡಿಮೆ ಮಾಡುತ್ತಿದ್ದೆನೋ ಏನೋ.

"ಮುಚ್ಚಿಟ್ಟಿದ್ದು ಯಾಕ?" ಎಂದೆ.

"ಕಾವಿ ಮಂದಿ ಅನಿಸ್ಕೊಂಡ ಸಾಕಾಗಿತ್ರಿ. ಇನ್ನ ಕುಂಟ ನೆಳ್ಳದವರು ಅನಿಸ್ಕೊಬೇಕಿತ್ತ? ನನ್ನ ಮಗಳು ಹುಲಿಗೆವ್ವನ್ನ ನೋಡಾಕ ಬೀಗರು ಬರಾವ್ರದಾರ. ನೀವು ಯಾರ ಮುಂದೂ ಅನಬ್ಯಾಡ್ರಿ, ಕೈ ಮುಗೀತೀನಿ."

ನಾನು ಮಾತು ಕೊಡಲಿಲ್ಲ. ಮರುದಿನ ಬೋರಿನ ನೀರನ್ನೂ, ಹಲಗೆ ಸರಿಸಿ ಸೇದಿದ ಕಾವಿ ಬಾವಿಯ ನೀರನ್ನೂ ಎರಡು ಗಾಜಿನ ನಳಿಕೆಗಳಲ್ಲಿ ತೆಗೆದುಕೊಂಡು, ಶಾಲೆಯ ಪ್ರಯೋಗ ಪೆಟ್ಟಿಗೆಯ ಗುಲಾಬಿ ದ್ರಾವಣ ಹನಿಸಿದೆ. ಫ್ಲೋರೈಡ್ ಹೆಚ್ಚಿದಷ್ಟೂ ಅದು ಹಳದಿಗೆ ತಿರುಗುತ್ತದೆ. ಕಾವಿ ಬಾವಿಯದು ಗುಲಾಬಿಯಾಗಿಯೇ ಉಳಿಯಿತು. ಬೋರಿನದು ನೋಡನೋಡುತ್ತ ಅರಿಶಿನವಾಯಿತು. ಪಟ್ಟಿಯೊಡನೆ ಹೋಲಿಸಿದೆ: ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದ ಜಾಗದಲ್ಲಿ ನಾಲ್ಕು ದಾಟಿತ್ತು. ನೀರಿನ ಮಟ್ಟ ವರ್ಷ ವರ್ಷ ಆಳಕ್ಕಿಳಿದಂತೆ ಬಂಡೆಯ ವಿಷ ಮೇಲೇರಿ ಬಂದಿತ್ತು. ಕಾವಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ, ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷಿಸಿದೆ. ರೋಗಾಣುವಿದ್ದರೆ ಕಪ್ಪಾಗುವ ಸೀಸೆ ಮೂರು ದಿನವಾದರೂ ಕಪ್ಪಾಗಲಿಲ್ಲ. ಊರು ನಕ್ಕ ನೀರು ಒಳ್ಳೆಯದಾಗಿತ್ತು, ಊರು ಮೆಚ್ಚಿದ ನೀರು ಎಲುಬು ತಿನ್ನುತ್ತಿತ್ತು.

ಎರಡೂ ನಳಿಕೆಗಳನ್ನು ಪುರಸಭೆಯ ಅಧ್ಯಕ್ಷ ಬಸವಂತರಾಯನ ಮೇಜಿನ ಮೇಲಿಟ್ಟೆ. ಅವನು ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಎದ್ದು ಕಾಲು ಮುಟ್ಟಿ ನಮಸ್ಕರಿಸಿದ; ಸಿಹಿ ಬಾವಿಯ ನೀರು ತರಿಸಿದ. ಕಾವಿ ಬಾವಿಯನ್ನು ತುಂಬಿಸಿ ಅಲ್ಲಿ ಸಂತೆಕಟ್ಟೆ ಕಟ್ಟಿಸುವುದು ಅವನ ಯೋಜನೆ. ಓಣಿಯ ಹೊಸ ನೀರು ಹನ್ನೆರಡು ನೋಟಗಳಲ್ಲಿ ಸತತವಾಗಿ ಉತ್ತಮ ಎನಿಸಿದರೆ ಹಳೆಯ ಬಾವಿಯನ್ನು ಮುಚ್ಚಬಹುದೆಂಬುದು ಊರಿನ ಕಾಯ್ದೆ. ಹನ್ನೊಂದು ಆಗಿದ್ದವು, ಎಲ್ಲವೂ ನನ್ನ ಕೈಬರಹದಲ್ಲಿ. ಇನ್ನೊಂದು ಸಹಿ ಬಿದ್ದರೆ ಕೆಳೋಣಿಗೆ ಉಳಿಯುವುದು ಆ ಬೋರ್ ಒಂದೇ.

"ಅಕ್ಕೋರ," ಎಂದ ವಿನಯದಿಂದ, "ಬಾಟ್ಲಿ ಬಣ್ಣಕ್ಕ ನಮ್ಮ ಕಾಯ್ದೆದಾಗ ಜಾಗ ಇಲ್ರಿ. ನೆಳ್ಳ ಏನ್ ಹೇಳ್ತೈತಿ, ಅದ ಖರೆ."

"ನೆಳ್ಳನೂ ಇದನ್ನ ಹೇಳ್ತೈತಿ. ವಾರದ ನೀರು ನಿಲ್ಲಿಸಿ ನೋಡು."

"ಅವರ ಬಂದು ಕೇಳ್ತಾರ, ನಾವು ಕೊಡ್ತೀವಿ. ದಾನ ಮಾಡೂದು ತಪ್ಪಂತ ನೀವ ಕಲಿಸಿದ್ರೇನ್ರಿ ನಮಗ?"

"ನಾ ಕಲಿಸಿದ್ದು ಅಷ್ಟು ನೆನಪಿದ್ರ, ಬಸವಂತ, ಬೋರಿನ ನೀರು ಒಂದು ತಂಬಿಗಿ ತರಸ್ತೀನಿ, ಕುಡಿ."

ಅವನು ನಗುತ್ತ ಕಿಟಕಿಯ ಕಡೆ ನೋಡಿದ. ನಾನೂ ಅವನು ಕೊಟ್ಟ ನೀರನ್ನು ಮುಟ್ಟದೆ ಎದ್ದು ಬಂದೆ.

ಮರುದಿನ ಬೆಳಗ್ಗೆ ಕೆಳೋಣಿಯ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ನಿಂತಿರುವಾಗ ಹೋಗಿ ಎಲ್ಲವನ್ನೂ ಹೇಳಿದೆ. ಈ ಸಲ ವಾರದ ನೀರು ತರಬೇಡಿ, ಇದ್ದ ನೆರಳನ್ನೇ ಗೋಡೆಯ ಮೇಲೆ ತೋರಿಸಿ ಎಂದೆ. ತುಂಬಿದ ಕೊಡ ಎತ್ತಿ ಮುಂದಿನದನ್ನು ಇಟ್ಟರು. ಕೊನೆಗೆ ಯಮನೂರಪ್ಪ ಮಾತನಾಡಿದ. ಪ್ರತಿ ವರ್ಷ ಪುರಸಭೆಯ ಗೋಡೆಗೆ ಸುಣ್ಣ ಬಳಿಯುವವನು ಅವನೇ. ನಲವತ್ತೈದಕ್ಕೇ ಸೊಂಟ ಹಿಡಿದು ಏಣಿ ಹತ್ತಲು ಹೆಣಗುತ್ತಿದ್ದ. ಅವನ ವಿಷಯದಲ್ಲಿ ನೆರಳನ್ನು ಕೇಳುವ ಕಾಲ ಕಳೆದಿತ್ತು.

"ಅಕ್ಕೋರ, ನೀವು ಮೇಲೋಣ್ಯಾಗ ಸೀನೀರು ಕುಡದು ಬಂದು, ನೀವೆಲ್ಲಾ ಕುಂಟ್ರು, ಗ್ವಾಡಿ ಮುಂದ ನಿಂದ್ರಿ ಅಂತ ಹೇಳೂದು ಭಾಳ ಸಸಾರ ಐತ್ರಿ."

ಆ ಮಾತು ನ್ಯಾಯವಾಗಿತ್ತು. ನ್ಯಾಯವಾದ ಮಾತಿಗೆ ಉತ್ತರ ಕೊಡಬಾರದು, ನಡೆದು ತೋರಿಸಬೇಕು. ಅವನ ಕೊಡದಿಂದಲೇ ಬೊಗಸೆಯೊಡ್ಡಿ ಕುಡಿದೆ. ಅಂದಿನಿಂದ ಬೋರಿನ ನೀರನ್ನೇ ಮನೆಗೆ ಹೊತ್ತೆ. ಎಂಟನೆಯ ಸಂಜೆ ಛತ್ರಿಯಿಲ್ಲದೆ ಕೆಳೋಣಿಯ ಉದ್ದಕ್ಕೂ ನಡೆದೆ. ಅರವತ್ತೆಂಟು ವರ್ಷದ ನನ್ನ ಪಕ್ಕದಲ್ಲಿ ನನ್ನ ನೆರಳು ಅರ್ಧ ಕುಳಿತ ಭಂಗಿಯಲ್ಲಿ ತೆವಳುತ್ತಿತ್ತು. ಕಟ್ಟೆಯ ಮೇಲಿದ್ದ ಯಮನೂರಪ್ಪ ಅದನ್ನು ನೋಡಿ, ಸೊಂಟ ಹಿಡಿದುಕೊಂಡೇ ನಕ್ಕುಬಿಟ್ಟ.

"ಅಯ್ಯ, ನೋಡ್ರೆಪಾ! ಪಾಠ ಬರಲಿಲ್ಲಂತ ನಮ್ಮನ್ನ ಎಷ್ಟು ಸಲ ಗ್ವಾಡಿಗೆ ಬೆನ್ನು ಹಚ್ಚಿ ಕುರ್ಚಿ ಕೂಡ್ರಿಸಿದ್ರು, ಈಗ ಅಕ್ಕೋರ ಕುಂತಾರ!"

"ಪಾಠ ಬರಲಿಲ್ಲಪಾ," ಎಂದೆ. "ಒಂಬತ್ತು ವರ್ಷ ಬರಲಿಲ್ಲ. ಅದಕ್ಕ ಕುಂತೀನಿ."

ಅವನ ನಗು ನಿಂತಿತು. ಕಟ್ಟೆಯಿಂದ ಇಳಿದು ಬಂದ. "ಗ್ವಾಡಿ ಬೆಳ್ಳಗ ಮಾಡಾಂವ ನಾನ," ಎಂದ. "ಅದರ ಮ್ಯಾಲ ಸುಳ್ಳ ನೆಳ್ಳ ಇನ್ನ ಬೀಳಸಾಂಗಿಲ್ಲ. ನಾ ಬರ್ತೀನ್ರಿ."

ಈ ವರ್ಷದ ಪುಣ್ಯದ ಕೊಡಗಳು ಮೇಲೋಣಿಯಲ್ಲಿ ತುಂಬಿದಂತೆಯೇ ಉಳಿದವು. ಯಾರೂ ಬರಲಿಲ್ಲವೆಂದು ಹೆಂಗಸರು ಬಾಗಿಲಲ್ಲಿ ನಿಂತು ಬೇಸರಪಟ್ಟರು. ದುರುಗವ್ವ ಬರುತ್ತಾಳೋ ಇಲ್ಲವೋ ಎಂಬುದು ನನಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಕೊಡಗಳ ಸುದ್ದಿ ಬಸವಂತನಿಗೆ ಮುಟ್ಟಿತು. ನೋಟಕ್ಕೆ ಎರಡು ದಿನವಿರುವಾಗ ಡಂಗುರ ಸಾರಿದರು: ಜನರ ಅನುಕೂಲಕ್ಕಾಗಿ ಈ ಸಲದ ನೆರಳುನೋಟ ಮಧ್ಯಾಹ್ನ ಹನ್ನೆರಡು ಗಂಟೆಗೆ. ಹೆಣ್ಣಿನ ಕಡೆಯವರ ಯುಕ್ತಿಯನ್ನು ಪುರಸಭೆಯೇ ಕಲಿತಿತ್ತು.

ಹನ್ನೆರಡಕ್ಕೆ ಅಂಗಳ ತುಂಬಿತು. ಕೆಳೋಣಿಯಿಂದ ನೂರ ಅರವತ್ತು ಜನ ಬಂದಿದ್ದರು. ಒಬ್ಬರ ಕೈಯಲ್ಲೂ ಛತ್ರಿಯಿರಲಿಲ್ಲ. ಮೊದಲ ಸಾಲಿನಲ್ಲಿ ದುರುಗವ್ವನ ಮಗಳು ಹುಲಿಗೆವ್ವ ನಿಂತಿದ್ದಳು. ಅವಳ ಹಿಂದೆ, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದುರುಗವ್ವ. ಸೂರ್ಯ ನೆತ್ತಿಯ ಮೇಲಿದ್ದ. ಪ್ರತಿಯೊಬ್ಬರ ನೆರಳೂ ಪಾದದ ಸುತ್ತ ಒಂದು ಕಪ್ಪು ಬಿಲ್ಲೆ, ಅಷ್ಟೇ. ಗೋಡೆ ಖಾಲಿ ಬೆಳ್ಳಗಿತ್ತು.

"ಎಲ್ಲಾರದೂ ಕಪ್ಪು," ಎಂದ ಬಸವಂತರಾಯ. "ಬರಕೊಳ್ರಿ ಅಕ್ಕೋರ, ಉತ್ತಮ. ನೋಟ ಮುಗೀತು. ಮನಿಗೆ ಹೋಗ್ರೆಪಾ, ಬಿಸಲೈತಿ."

"ನಾ ಇನ್ನೂ ಪುಸ್ತಕ ತೆಗದಿಲ್ಲ," ಎಂದೆ.

"ತೆಗೀರಲ್ಲ ಮತ್ತ."

"ಮುದುಕಿ ಕಣ್ಣು. ಇಷ್ಟು ಬೆಳಕಿನ್ಯಾಗ ಕಾಣಂಗಿಲ್ಲ. ಸಂಜಿ ಆಗಲಿ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಸವಂತ ನನ್ನನ್ನೂ ಜನರನ್ನೂ ನೋಡಿದ. ನೋಟಗಾರ್ತಿಯ ಸಹಿಯಿಲ್ಲದೆ ನೋಟ ಮುಗಿಯದು. ನೋಟ ಮುಗಿಯದೆ ಅಧ್ಯಕ್ಷ ಅಂಗಳ ಬಿಡುವಂತಿಲ್ಲ. ಅವನು ನೆಚ್ಚಿಕೊಂಡ ಕಾಯ್ದೆಯೇ ಅವನನ್ನು ಕುರ್ಚಿಯಲ್ಲಿ ಕೂರಿಸಿತು. ಮೇಲೋಣಿಯವರು ಊಟಕ್ಕೆ ಹೋದರು, ಮಲಗಿ ಎದ್ದು ಬಂದರು. ಕೆಳೋಣಿಯವರು ನಿಂತರು, ಕಾಲು ಸೋತವರು ನಿಂತವರ ನಡುವೆ ಕುಳಿತು ಮತ್ತೆ ಎದ್ದರು. ಯಮನೂರಪ್ಪನಿಗೆ ಪುರಸಭೆಯ ಜವಾನ ಕುರ್ಚಿ ತಂದುಕೊಟ್ಟರೆ, "ಬ್ಯಾಡ್ರಿ, ನನ್ನ ನೆಳ್ಳ ಕುಂತಿರತೈತಿ, ಸಾಕು" ಎಂದ. ಎರಡು ಗಂಟೆಗೆ ಬಿಲ್ಲೆಗಳು ಮೊಳದುದ್ದ ಚಾಚಿದವು. ಮೂರಕ್ಕೆ ಮೊಣಕಾಲಿನ ಜಾಗದಲ್ಲಿ ಒಂದು ಮಡಿಕೆ ಕಂಡಿತು. ನಾಲ್ಕಕ್ಕೆ ನೆರಳುಗಳು ಗೋಡೆಯ ಬುಡ ಮುಟ್ಟಿ, ನಿಧಾನವಾಗಿ ಅದನ್ನು ಹತ್ತತೊಡಗಿದವು.

ನಾಲ್ಕೂವರೆಗೆ ಗೋಡೆ ತುಂಬಿತು. ಅಂಗಳದಲ್ಲಿ ಜನ ನಿಂತಿದ್ದರು. ಗೋಡೆಯ ಮೇಲೆ ಅವರೆಲ್ಲ ಕುರ್ಚಿ ಕೂತ ಶಿಕ್ಷೆಯಲ್ಲಿದ್ದರು. ಹದಿನೆಂಟರ ಹುಲಿಗೆವ್ವನ ನೆರಳು ಎಪ್ಪತ್ತರ ಮುದುಕಿಯದಾಗಿತ್ತು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ, ನನ್ನದೂ ಅವರ ಸಾಲಿಗೆ ಸೇರಿತು. ಆ ಬಾಗಿದ ಸಾಲಿನ ಕೊನೆಯಲ್ಲಿ ಒಂದೇ ಒಂದು ನೆರಳು ಕಪ್ಪಗೆ ನೆಟ್ಟಗಿತ್ತು: ಎದ್ದು ನಿಂತ ಅಧ್ಯಕ್ಷನದು. ಅವನು ಅದನ್ನು ನೋಡಿದ, ಪಕ್ಕಕ್ಕೆ ಸರಿದ. ಅದೂ ಸರಿಯಿತು.

ನಾನು ಪುಸ್ತಕ ತೆರೆದು ಅವನ ಮುಂದೆ ಹಿಡಿದೆ. "ಬಸವಂತ, ಉಕ್ತಲೇಖನ. ಬರಕೋ. ಕೆಳೋಣಿಯ ಬೋರಿನ ನೀರು ಕುಡಿಯಲು ಯೋಗ್ಯವಲ್ಲ."

ಲೇಖನಿಗೆ ಕೈ ಚಾಚಿದ. ಒಂದು ಗಳಿಗೆ ಅವನು ಹನ್ನೆರಡು ವರ್ಷದ ಹುಡುಗನೇ ಆಗಿದ್ದ. ಆಮೇಲೆ, "ಇದು ಸರಿ ಅಲ್ಲ ಅಕ್ಕೋರ, ಊರ ಮರ್ಯಾದಿ," ಎಂದು, ತನ್ನ ಕಾಯ್ದೆಯನ್ನೂ ಮರೆತು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮುಚ್ಚಿದ ಬಾಗಿಲ ಮೇಲೆ ದುರುಗವ್ವನ ನೆರಳು ಬಿದ್ದಿತ್ತು.

ನಾನೇ ಬರೆದೆ. ಹಿಂದಿನ ಪುಟಗಳನ್ನು ತಿರುವಿ, ಬೋರಿನ ಮೊದಲ ಎರಡು ವರ್ಷ ಬಿಟ್ಟು, ಒಂಬತ್ತು ವರ್ಷದ ಒಂಬತ್ತು 'ಉತ್ತಮ'ಗಳ ಮೇಲೆ ಕೆಂಪು ಗೆರೆ ಎಳೆದೆ. ಪ್ರತಿ ಗೆರೆಯ ಪಕ್ಕದಲ್ಲೂ 'ತಪ್ಪು, ನನ್ನದು' ಎಂದು ಬರೆದು ಸಹಿ ಹಾಕಿದೆ. ಮರುದಿನ ಬೆಳಗ್ಗೆ ಕೆಳೋಣಿಯವರು ಕಾವಿ ಬಾವಿಯ ಹಲಗೆಗಳನ್ನು ಕಿತ್ತರು. ಮೊದಲ ಕೊಡವನ್ನು ದುರುಗವ್ವ ಸೇದಿದಳು. ಅಂದಿನಿಂದ ನಾನೂ ಅದೇ ನೀರನ್ನು ಮನೆಗೆ ಹೊತ್ತೆ.

ಪುರಸಭೆಯಿಂದ ನನಗೆ ನೋಟಿಸು ಬಂದಿದೆ. ದಾಖಲೆ ಕೆಡಿಸಿದ ಅಪರಾಧಕ್ಕೆ ನೋಟಗಾರ್ತಿಯ ಸ್ಥಾನದಿಂದ ತೆಗೆಯಲಾಗಿದೆಯಂತೆ. ಏಳು ದಿನದೊಳಗೆ ಪುಸ್ತಕ ಒಪ್ಪಿಸಬೇಕಂತೆ. ನಾನು ಈಗ ಬರೆಯುತ್ತಿರುವುದೇ ಆ ನೋಟಿಸಿಗೆ ಉತ್ತರ. ಪುಸ್ತಕವನ್ನು ಕೊಡುವುದಿಲ್ಲ. ಅದು ಕೆಳೋಣಿಯ ಶಾಲೆಯ ಕಪಾಟಿನಲ್ಲಿದೆ. ಎರಡು ಗಾಜಿನ ನಳಿಕೆಗಳೂ ಗುಲಾಬಿ ದ್ರಾವಣದ ಸೀಸೆಯೂ ಅದರ ಪಕ್ಕದಲ್ಲಿವೆ. ಬೇಕಾದವರು ಬಂದು ಓದಬಹುದು, ಬೇಕಾದ ನೀರನ್ನು ತಂದು ನೋಡಬಹುದು.

ಹುಲಿಗೆವ್ವನನ್ನು ನೋಡಲು ಬೀಗರು ಬರಲಿಲ್ಲ. ನಾನು ತಪ್ಪೊಪ್ಪಿಕೊಳ್ಳಲೆಂದು ಅವರ ಮನೆಗೆ ಹೋದರೆ ಅವಳು ಮರಳಿನಲ್ಲಿ ನೀರು ಸೋಸುತ್ತ, "ಬಿಡ್ರಿ ಅಕ್ಕೋರ. ಅವರೂರಾಗ ನೆಳ್ಳಿಗೆ ಬಣ್ಣ ಬರಂಗಿಲ್ಲಂತ. ಅಂದ್ರ ಅವರು ಏನ್ ಕುಡೀತಾರಂತ ಅವರಿಗ ಗೊತ್ತಿಲ್ಲ. ಅಂಥವರ ಮನಿಗೆ ಹೋಗಿ ನಾ ಏನ್ ಮಾಡ್ಲಿ?" ಎಂದಳು. ಆಮೇಲೆ ಗಂಟು ಹೊತ್ತು ಮೇಲೋಣಿಗೆ ಬಟ್ಟೆ ಕೊಡಲು ಹೊರಟಳು. ನಾನೂ ಜೊತೆಗೆ ನಡೆದೆ. ಸಂಜೆಯ ಬಿಸಿಲು ಬೆನ್ನಿಗಿತ್ತು. ಮೇಲೋಣಿಯ ಬಾಗಿಲುಗಳಲ್ಲಿ ಜನ ನಿಂತು ನೋಡಿದರು, ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಹುಲಿಗೆವ್ವ ಛತ್ರಿ ತಂದಿರಲಿಲ್ಲ. ರಸ್ತೆಯ ನಟ್ಟನಡುವೆ, ನಮ್ಮ ಮುಂದೆ ಮುಂದೆ, ಎರಡು ನೆರಳುಗಳು ನಡೆದವು. ಹೆಂಚಿನಂತೆ ಕೆಂಪಗಿದ್ದವು. ನೆಟ್ಟಗಿದ್ದವು.